ಕುಂಡದ ಬುಡಕ್ಕೊಂದು ತೂತು

ಮಣ್ಣು ಮಾರಿ ಬದುಕುವವರಿಗೆ ನಗಲು ಬೇರೆ ಏನೂ ಬೇಕಾಗುವುದಿಲ್ಲ. ಬೆಳಿಗ್ಗೆ ಗೇಟು ತೆಗೆದರೆ ಸಾಕು, ಯಾರಾದರೊಬ್ಬರು ಸತ್ತ ಗಿಡವನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತೇ ಇರುತ್ತಾರೆ.

ನನ್ನ ನರ್ಸರಿ ಇರುವುದು ತೆಲಂಗಾಣದ ಗಡಿಯಂಚಿನ ಮಕ್ತಲ್‌ನಲ್ಲಿ, ರಸ್ತೆಗೆ ಹೊಂದಿಕೊಂಡ ನಮ್ಮ ಮಾವನವರ ಜಾಗದಲ್ಲಿ. ಗಿಡಗಳಿಗಿಂತ ನನಗೆ ಹೆಮ್ಮೆ ನನ್ನ ಮಣ್ಣಿನ ಮೇಲೆ. ನಮ್ಮ ಕಡೆಯ ಎರೆಮಣ್ಣನ್ನು ಹಾಗೇ ಕುಂಡಕ್ಕೆ ತುಂಬಿದರೆ ಮಳೆಗಾಲದಲ್ಲಿ ಮುದ್ದೆ, ಬೇಸಿಗೆಯಲ್ಲಿ ಇಟ್ಟಿಗೆ. ಅದಕ್ಕೇ ನಾನು ಕೆಂಪು ಮಣ್ಣು, ಹಳ್ಳದ ದಪ್ಪ ಮರಳು, ಹಳೆಯ ತಿಪ್ಪೆಗೊಬ್ಬರ, ಮಿಲ್ಲಿನ ಭತ್ತದ ಹೊಟ್ಟು, ಶೇಂಗಾ ಸಿಪ್ಪೆ ಎಲ್ಲವನ್ನೂ ಕೈಯಲ್ಲೇ ಕಲಸುತ್ತೇನೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳು ತಾಗಿಸಿದರೆ ಉದುರಬೇಕು. ನೀರು ಹಾಕಿದರೆ ಮೇಲೆ ನಿಲ್ಲದೆ ಇಳಿದು ಬುಡದ ತೂತಿನಿಂದ ಹೊರಬರಬೇಕು, ನೀರು ಬಿಟ್ಟುಹೋದ ಸಂದಿಗೆ ಗಾಳಿ ಬರಬೇಕು. ಬೇರೂ ನಮ್ಮ ಹಾಗೆ ಉಸಿರಾಡುತ್ತದೆ, ಮೂಗು ಮುಚ್ಚಿದರೆ ಸಾಯುತ್ತದೆ. ನನ್ನ ವಿದ್ಯೆಯೆಲ್ಲ ಇಷ್ಟೇ.

ಈ ಹೆಮ್ಮೆಯ ಅಮಲಿನಲ್ಲಿ ಒಂದು ತಪ್ಪು ಮಾಡಿದೆ. "ನಮ್ಮ ಮಣ್ಣಿನಲ್ಲಿ ಗಿಡ ಸತ್ತರೆ ಬದಲಿ ಗಿಡ" ಎಂದು ಬೋರ್ಡು ಬರೆಸಿ ನೇತುಹಾಕಿದೆ. ಆ ಮಳೆಗಾಲದಲ್ಲಿ ಹೋದ ಗಿಡಗಳು ಒಂದೊಂದಾಗಿ ಹೆಣವಾಗಿ ತವರಿಗೆ ಬರತೊಡಗಿದವು.

ನಮ್ಮ ಮಾವ ಕಂದಾಯ ಇಲಾಖೆಯಿಂದ ರಿಟೈರಾದ ಗಿರ್ದಾವರರು. ಸೇವೆಯ ಉದ್ದಕ್ಕೂ ಊರೂರಿನ ಹೊಲ ಅಳೆದವರು, ಈಗ ಕಟ್ಟೆಯ ಮೇಲೆ ಕೂತು ನನ್ನ ವ್ಯಾಪಾರ ಅಳೆಯುತ್ತಾರೆ. ಒಂದು ದಿನ ಕರೆದು ಹೇಳಿದರು.

"ನೋಡವಾ, ದಸರಾ ತನ ಸುಮ್ಮನಿರ್ತೀನಿ. ಆಮ್ಯಾಲೂ ಹಿಂಗ ಹೆಣ ವಾಪಸ್ ಬರಾಕ ಹತ್ತಿದ್ರ ಈ ಜಾಗ ಆ ಕೋಳಿ ಅಂಗಡಿಯವಗ ಕೊಟ್ಟುಬಿಡ್ತೀನಿ. ಒಂದು ವರ್ಷದಿಂದ ಬೆನ್ನು ಬಿದ್ದಾನ. ಅವಂದು ಛಲೋ ದಂಧೆ, ಮಾಲು ಸತ್ರನ ವ್ಯಾಪಾರ."

ನಾನು ಕಲ್ಲು ಆರಿಸಿ, ಜಾಲಿ ಕಡಿದು, ಹಾವಿಗೆ ಹೆದರಿ, ಚೇಳಿನಿಂದ ಕಚ್ಚಿಸಿಕೊಂಡು ಹಸನು ಮಾಡಿದ ಜಾಗ ಅದು. ಅಲ್ಲಿ ಕೋಳಿ ನೇತಾಡುವುದನ್ನು ನೆನೆಸಿಕೊಂಡರೇ ಅಳು ಬರುತ್ತಿತ್ತು. ಸರಿ, ಇನ್ನು ಮೇಲೆ ಸತ್ತ ಗಿಡ ಬಂದ ಮನೆಗೆ ನಾನೇ ಹೋಗಿ ಸಾವಿನ ಕಾರಣ ಹುಡುಕುವುದೆಂದು ನಿಶ್ಚಯ ಮಾಡಿದೆ.

೧. ಗಾಳಿ ಬಡಿಯಬಾರದು

ಮೊದಲ ಹೆಣ ಗದ್ವಾಲದ್ದು. ಸೀರೆ ನೇಯುವ ಯಜಮಾನರೊಬ್ಬರು ನನ್ನಿಂದ ಮಲ್ಲಿಗೆ ಒಯ್ದು ಮೂರನೇ ಸಲ ಒಣ ಕಡ್ಡಿ ತಂದಿದ್ದರು. ಸಿಟ್ಟಿಲ್ಲ, ಬೇಸರವಿಲ್ಲ, ಕೂಸನ್ನು ದವಾಖಾನೆಗೆ ತಂದವರ ಹಾಗೆ ಮುಖ.

"ಎಷ್ಟು ಜೋಪಾನ ಮಾಡೀನಿ ಅಂತೀರಿ! ಒಂದು ದಿನ ಗಾಳಿ ಬಡಿಯಾಕ ಬಿಟ್ಟಿಲ್ರಿ."

ನನಗೆ ಅಲ್ಲೇ ಸಂಶಯ ಬಂತು. ಬಸ್ಸು ಹತ್ತಿ ಅವರ ಮನೆಗೇ ಹೋದೆ. ನಡುಮನೆಯಿಂದ ಹಿಡಿದು ಮಗ್ಗದ ಕೋಣೆಯ ತನಕ ಕಿಟಕಿಗಳೆಲ್ಲ ಬಂದ್. ಒಣ ಗಾಳಿ ಬಡಿದರೆ ಎಳೆ ಹರಿಯುತ್ತದೆಂದು ಆ ಕೋಣೆಯಲ್ಲಿ ಫ್ಯಾನು ಸಹ ಹಾಕಿಲ್ಲ. ಅವರು ಕೂತು ನೇಯುವುದು ಗುಣಿ ಮಗ್ಗ, ಕಾಲು ಇಳಿಬಿಡಲು ನೆಲದಲ್ಲಿ ತಂಪಾದ ಗುಣಿ ಇರುತ್ತದೆ. ಪಕ್ಕದಲ್ಲಿ ತಂದೆಯ ಕಾಲದ ಮಗ್ಗ ಬಿಚ್ಚಿ ತೆಗೆದಿದ್ದರಿಂದ ಒಂದು ಗುಣಿ ಖಾಲಿ ಬಿದ್ದಿತ್ತು. ನನ್ನ ಮಲ್ಲಿಗೆಯನ್ನು ಆ ಗುಣಿಯೊಳಗೆ ಕೂಡಿಸಿ, ಸುತ್ತ ಒದ್ದೆ ಗೋಣಿ ಸುತ್ತಿ, ದಿನಕ್ಕೆರಡು ಸಲ ನೀರು ಹೊಡೆಯುತ್ತಿದ್ದರಂತೆ. ಬಗ್ಗಿ ನೋಡಿದೆ. ಗುಣಿಯ ತಳದಲ್ಲಿ ಪಾದ ಮುಳುಗುವಷ್ಟು ನೀರು.

"ಅಣ್ಣಾ, ಇದು ಗಿಡ. ರೇಷ್ಮಿ ಲಡಿ ಅಲ್ಲ. ಬೇರಿಗೆ ಗಾಳಿ ಬೇಕು."

"ಗಾಳಿ ಬೇಕಾ?" ಅವರು ಬೆಚ್ಚಿಬಿದ್ದರು. "ನಮ್ಮ ತಾತನ ಕಾಲದಿಂದ ಈ ಕೋಣ್ಯಾಗ ಗಾಳಿ ಅನ್ನೋ ಮಾತ ಎತ್ತಿಲ್ರಿ."

ಅರ್ಧ ಗಂಟೆ ತಲೆ ಚಚ್ಚಿಕೊಂಡು, ಹೊಸ ಗಿಡವನ್ನು ನಡುಮನೆಯ ಕಿಟಕಿಗೆ ಇಡಿಸಿ, ಕುಂಡದ ಕೆಳಗೆ ಎರಡು ಇಟ್ಟಿಗೆ ಕೊಡಿಸಿ, ಆ ಕಿಟಕಿ ತೆರೆದೇ ಇರಬೇಕೆಂದು ಆಣೆ ಹಾಕಿಸಿ ಬಂದೆ. ತಿಂಗಳ ಮೇಲೆ ಅವರ ಹೆಂಡತಿಯಿಂದ ಫೋನು. ಗಿಡ ಮೊಗ್ಗು ಹಿಡಿದಿದೆಯಂತೆ. ಅಷ್ಟಕ್ಕೇ ಬಿಡದೆ ಆಕೆ ಹೇಳಿದರು:

"ಅಕ್ಕಾರ, ಮದುವಿ ಆಗಿ ಬಂದಾಗಿಂದ ಆ ಕಿಡಕಿ ತಗೀರಿ ಅಂತ ಬಡಕೊಂಡೀನಿ, ಕೇಳಿರಲಿಲ್ಲ. ನಿಮ್ಮ ಗಿಡದ ಹೆಸರಿಲೆ ಇಪ್ಪತ್ತು ವರ್ಷಕ್ಕ ನನಗೂ ಜರಾ ಗಾಳಿ ಬಂತು. ನನ್ನೂ ಒಂದು ಕುಂಡದಾಗ ನೆಟ್ಟಿದ್ರ ಮೊದಲ ತಗೀತಿದ್ರೇನೋ!"

೨. ಶುಕ್ರವಾರದ ತುಳಸಿ

ನಾರಾಯಣಪೇಟೆಯ ಅಜ್ಜಿಯ ತುಳಸಿಯದು ಬೇರೆಯೇ ರೋಗ. ಎಲೆ ಉದುರುತ್ತಿತ್ತು, ಆದರೆ ಕುಂಡ ಸೊಗಸಾಗಿತ್ತು, ತೂತು ತೆರೆದಿತ್ತು, ಕೆಳಗೆ ನೀರೂ ನಿಂತಿರಲಿಲ್ಲ. ನೀರು ಹಾಕಿ ತೋರಿಸಮ್ಮಾ ಎಂದೆ. ಅಜ್ಜಿ ತಂಬಿಗೆ ಬಗ್ಗಿಸಿದರು. ನೀರು ಕುಂಡದ ಮೇಲಿನಿಂದ ಸರ್ರನೆ ಜಾರಿ ಅಂಗಳಕ್ಕೆ ಇಳಿಯಿತು. ಒಂದು ಹನಿಯೂ ಒಳಗೆ ಹೋಗಲಿಲ್ಲ.

ಮುಟ್ಟಿ ನೋಡಿದರೆ ಮೇಲ್ಮೈ ಸಿಮೆಂಟಿನ ಹಾಗೆ ಗಟ್ಟಿ, ನುಣುಪು. ಮೇಲೆ ಬಿಳಿ ರಂಗೋಲಿಯ ಎಳೆ. ಅಜ್ಜಿ ಪ್ರತಿ ಶುಕ್ರವಾರ ಅಂಗಳ ಸಾರಿಸುವಾಗ ತುಳಸಿಯ ಕುಂಡದ ಮಣ್ಣನ್ನೂ ಸಗಣಿಯಿಂದ ಸಾರಿಸಿ, ಮೇಲೊಂದು ಪದ್ಮ ಬರೆಯುತ್ತಿದ್ದರು. ಶುಕ್ರವಾರದ ಮೇಲೆ ಶುಕ್ರವಾರ ಬಂದು ಸಗಣಿ ಪದರು ಪದರಾಗಿ ಕೂತಿತ್ತು.

"ಸಗಣಿ ಹಾಕ್ರಿ, ಸಾವಯವ ಐತಿ ಅಂತ ನೀನ ಹೇಳಿದ್ದಿ" ಎಂದು ಅಜ್ಜಿ ನನ್ನ ಮೇಲೇ ಬಂದರು.

"ಕೊಳೆಸಿ, ಪುಡಿ ಮಾಡಿ, ಮಣ್ಣಾಗ ಕಲಸ್ರಿ ಅಂದಿದ್ದೆ. ಮುಚ್ಚಳ ಹಾಕ್ರಿ ಅಂದಿರಲಿಲ್ಲ."

"ಹಂಗಾರ ತುಳಸಮ್ಮ ಬರೇ ಮೈಲೆ ನಿಂದರಬೇಕೇನು?"

ಮೇಲೆ ಒಣಗಿದ ಎಲೆ ಹರಡಿ ಎಂದೆ. ಅಜ್ಜಿ ಒಮ್ಮೆಲೇ ತೆಲುಗಿಗೆ ಜಾರಿದರು, ಸಿಟ್ಟು ಬಂದರೆ ನಮ್ಮ ಕಡೆ ಹಾಗೇ. "ಏಮಮ್ಮಾ, ಚೆತ್ತ ವೇಸ್ತಾರಾ?" ತುಳಸಿಯ ಬುಡಕ್ಕೆ ಯಾರಾದರೂ ಕಸ ಹಾಕುತ್ತಾರೆಯೇ, ನಿನ್ನ ಅತ್ತೆ ನಿನಗೆ ಏನೂ ಕಲಿಸಿಲ್ಲವೇ ಎಂದು ದಬಾಯಿಸಿದರು. ದೇವರ ವಿಷಯದಲ್ಲಿ ಬೇರಿನ ಶಾಸ್ತ್ರ ನಡೆಯುವುದಿಲ್ಲವೆಂದು ನನಗೂ ಗೊತ್ತು. ಕೊನೆಗೆ ಸಗಣಿಯ ಪದರನ್ನು ಎಬ್ಬಿಸಿ ತೆಗೆದು, ಶೇಂಗಾ ಸಿಪ್ಪೆಯನ್ನು ಒಂದೊಂದಾಗಿ ಜೋಡಿಸಿ ಪದ್ಮದ ಆಕಾರ ಮಾಡಿ ತೋರಿಸಿದೆ. ನೀರು ಸಂದಿಯಲ್ಲಿ ಇಳಿಯುತ್ತದೆ, ಗಾಳಿಯೂ ಆಡುತ್ತದೆ, ದೇವರಿಗೂ ಅಲಂಕಾರ. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿ, ಒಂದು ದಳ ಸೊಟ್ಟಗಾಗಿದೆ ಎಂದು ತಾವೇ ಸರಿಪಡಿಸಿದರು. ಆಗ ನಾನು ಗೆದ್ದೆನೆಂದು ತಿಳಿಯಿತು.

ಮುಂದಿನ ವಾರ ಅದೇ ಓಣಿಯಿಂದ ನಾಲ್ವರು ಹೆಣ್ಣುಮಕ್ಕಳು ನರ್ಸರಿಗೆ ಬಂದರು. ಗಿಡ ಬೇಡವಂತೆ, ಮಣ್ಣು ಬೇಡವಂತೆ. "ಅಜ್ಜಿ ಮನ್ಯಾಗ ಐತಲ್ರಿ, ಆ ಪೂಜಾದ ಶೇಂಗಾ ಸಿಪ್ಪಿ, ಮಡಿದು ಐತೇನ್ರಿ?"

೩. ಹನ್ನೆರಡು ಗಡಿಗೆಗಳು

ಮರಿಕಲ್ಲಿನ ಮಾಸ್ತರರು ಹೊಸ ಮನೆಯ ಗೃಹಪ್ರವೇಶಕ್ಕೆಂದು ಹನ್ನೆರಡು ಮಣ್ಣಿನ ಕುಂಡ, ಹನ್ನೆರಡು ಗಿಡ ಒಯ್ದರು. ಅಷ್ಟು ದೊಡ್ಡ ವ್ಯಾಪಾರವೆಂದು ನಾನು ಮಾವನ ಎದುರೇ ಜೋರಾಗಿ ಎಣಿಸಿ ಕೊಟ್ಟಿದ್ದೆ. ಇಪ್ಪತ್ತು ದಿನಕ್ಕೆ ಹನ್ನೆರಡೂ ಬಾಡಿದವೆಂದು ಸುದ್ದಿ ಬಂತು. ಅವತ್ತು ನನಗೆ ಊಟ ಸೇರಲಿಲ್ಲ.

ಹೋಗಿ ಕುಂಡ ಎತ್ತಿ ನೋಡುತ್ತೇನೆ, ಹನ್ನೆರಡರ ತೂತಿಗೂ ಸಿಮೆಂಟ್ ಮೆತ್ತಿ ಮೇಲೆ ಅರಿಶಿನ ಕುಂಕುಮ ಹಚ್ಚಿದ್ದಾರೆ. ಒಳಗೆ ಕೊಳೆತ ನೀರಿನ ವಾಸನೆ. ಮಾಸ್ತರರು ಕಣ್ಣಿನಲ್ಲೇ ಅಪ್ಪನ ಕಡೆ ತೋರಿಸಿದರು. ಹಾಸಿಗೆಯ ಮೇಲೆ ಕೂತಿದ್ದ ಹಿರಿಯರು ನನ್ನನ್ನು ಹತ್ತಿರ ಕರೆದರು.

"ತಂಗೀ, ತೂತು ಹೊಡೆದ ಗಡಿಗಿ ಮನಷ್ಯಾ ಯಾವಾಗ ಹೊರ್ತಾನ, ಮಾಲೂಮ್ ಐತಿಲ್ಲೊ?"

ನಾನು ನಾಲಿಗೆ ಕಚ್ಚಿಕೊಂಡೆ. ಚಿತೆಯ ಸುತ್ತ ತಿರುಗುವಾಗ ಹೆಗಲ ಮೇಲೆ ಹೊರುವ ಗಡಿಗೆಗೆ ತೂತು ಹಾಕುತ್ತಾರೆ. ಅದು ನನಗೆ ಹೊಳೆದೇ ಇರಲಿಲ್ಲ.

"ನಾ ಒಬ್ಬ ಮುದುಕ ಅದೀನಿ, ಒಂದು ತಂದಿದ್ರ ಒಪ್ಕೊಂತಿದ್ದೆ" ಎಂದರು ಅಜ್ಜ. "ಇವ ಹನ್ನೆರಡು ತಂದಾನ! ಗೃಹಪ್ರವೇಶದ ದಿನ ಮನೀ ಮಂದಿನೆಲ್ಲಾ ಸಾಲಾಗಿ ಕಳಸಬೇಕಂತ ಮಾಡ್ಯಾನೇನು?"

ಮೂಗಿಗೂ ಎರಡು ತೂತು ಇವೆಯಲ್ಲ ಅಜ್ಜಾ, ಮುಚ್ಚಿದರೆ ಏನಾಗುತ್ತದೆ ಎಂದು ವಾದಿಸಿದೆ. ಮೂಗು ಯಾರೂ ಹೆಗಲ ಮೇಲೆ ಹೊರುವುದಿಲ್ಲ ಎಂದರು. ಮರುದಿನ ಪ್ಲಾಸ್ಟಿಕ್ ಕುಂಡಗಳನ್ನು ಒಯ್ದು ತೋರಿಸಿದೆ. ಒಂದೊಂದರ ಬುಡಕ್ಕೆ ಎಂಟೆಂಟು ತೂತು. ಅಜ್ಜ ಒಂದನ್ನು ತಿರುಗಿಸಿ ತಿರುಗಿಸಿ ನೋಡಿ, ಬೆರಳಿಂದ ತಟ್ಟಿ, ಸಮಾಧಾನದ ಉಸಿರು ಬಿಟ್ಟರು.

"ಇದು ನಡೀತೈತಿ. ಪ್ಲಾಸ್ಟಿಕ್ ಗಡಿಗಿ ಹೊತ್ತು ಇವತ್ತಿನ ತನ ಯಾರೂ ಸುಡುಗಾಡಿಗೆ ಹೋಗಿಲ್ಲ."

೪. ಓಡಿಹೋದ ಟೊಮೇಟೊ

ಎಲ್ಲರೂ ಉಸಿರು ಕಟ್ಟಿಸಿ ಕೊಂದರೆ ಶಾಂತಿನಗರದ ಒಬ್ಬ ಬ್ಯಾಂಕಿನವರು ಗಾಳಿ ಹೆಚ್ಚಾಗಿ ಕೆಟ್ಟರು. ಮೊಬೈಲಿನಲ್ಲಿ ಗಿಡದ ಪಾಠ ಕೇಳುವವರು. ಮಣ್ಣು ಹಗುರವಿರಬೇಕು ಎಂಬ ಮಾತನ್ನು ತೀರಾ ಮನಸ್ಸಿಗೆ ಹಚ್ಚಿಕೊಂಡು, ನಾನು ಕೊಟ್ಟ ಮಣ್ಣಿನಲ್ಲಿ ಮುಕ್ಕಾಲು ತೆಗೆದು ಚೆಲ್ಲಿ, ಆ ಜಾಗಕ್ಕೆ ತೆಂಗಿನ ನಾರು, ಭತ್ತದ ಹೊಟ್ಟು, ಹೊಸ ಟಿವಿಯ ಡಬ್ಬಿಯಲ್ಲಿ ಬಂದ ಥರ್ಮೋಕೋಲಿನ ಉಂಡೆ ತುಂಬಿದ್ದರು. ಕುಂಡವನ್ನು ಕಿರುಬೆರಳಿನಲ್ಲಿ ಎತ್ತಬಹುದೆಂದು ಅವರಿಗೆ ಬಲು ಅಭಿಮಾನ.

ಮಳೆಗಾಲದ ಗಾಳಿ ಎದ್ದಿತು. ನಮ್ಮ ಕಡೆ ಆ ಗಾಳಿಗೆ ತಗಡೇ ಹಾರುತ್ತದೆ, ಇನ್ನು ಹೊಟ್ಟು ಯಾವ ಲೆಕ್ಕ? ಮರುದಿನ ಬೆಳಿಗ್ಗೆ ಅವರ ಫೋನು ಬಂತು. ಅವರ ಮಾಳಿಗೆಯ ಮೇಲಿನ ಟೊಮೇಟೊ ಕುಂಡ ಹಾರಿ ಬಾಜೂ ಮನೆಯ ಮಾಳಿಗೆಯ ಮೇಲೆ ಬಿದ್ದಿದೆಯಂತೆ. ಆ ಮನೆಯವರು ಅದನ್ನು ಎತ್ತಿ, ನಮ್ಮ ಅಂಗಳದ ಮಣ್ಣು ಎರಡು ಬುಟ್ಟಿ ಹಾಕಿದ್ದೇವೆ, ಈಗ ಅದು ನಮ್ಮದು ಎನ್ನುತ್ತಿದ್ದಾರಂತೆ.

"ಮೇಡಂ, ನಿಮ್ಮ ಬೋರ್ಡಿನಾಗ ಸತ್ರ ಬದಲಿ ಅಂತ ಐತಿ" ಎಂದರು ಅವರು, ಬಹಳ ಸಂಕೋಚದಿಂದ. "ನಂದು ಸತ್ತಿಲ್ರಿ. ಬಾಜೂ ಮನಿಗೆ ಓಡಿಹೋಗೈತಿ. ಅದಕ್ಕೇನರ ಕೊಡ್ತೀರೇನು?"

೫. ಗಿರ್ದಾವರರ ಪಂಚನಾಮೆ

ಹೀಗೆ ಊರೂರು ತಿರುಗಿ ಸಾವು ನಿಲ್ಲಿಸಿದೆ. ವಾಪಸ್ ಬರುವ ಗಿಡ ನಿಂತವು. ದಸರಾಕ್ಕೆ ಮೂರು ವಾರ ಉಳಿದಿತ್ತು, ಜಾಗ ಉಳಿಯಿತೆಂದು ನಾನು ಸಂತೋಷದಲ್ಲಿದ್ದೆ. ಅಷ್ಟರಲ್ಲಿ ನನ್ನ ನರ್ಸರಿಯೊಳಗಿನ ಗಿಡಗಳೇ ಹಳದಿ ತಿರುಗತೊಡಗಿದವು.

ಇದು ನನ್ನ ಎದೆ ಒಡೆಯಿತು. ಮಂದಿಯ ಮನೆಯಲ್ಲಿ ಸತ್ತರೆ ಮಂದಿಯ ತಪ್ಪು. ನನ್ನ ಕೈಯಲ್ಲೇ ಸತ್ತರೆ ಯಾರಿಗೆ ಹೇಳುವುದು? ಒಂದು ಗಿಡ ಕಿತ್ತು ನೋಡಿದೆ. ಬೇರು ಕಪ್ಪಾಗಿ ಕೊಳೆತಿತ್ತು, ಮಣ್ಣು ಕಲ್ಲಾಗಿತ್ತು. ನಾನು ಉದುರುದುರಾಗಿ ಕಲಸಿದ ಮಣ್ಣು ಅದಾಗಿರಲೇ ಇಲ್ಲ. ಮಧ್ಯಾಹ್ನ ಊಟವಾದ ಮೇಲೆ ನಾನು ಒಂದು ತಾಸು ಮಲಗುವ ರೂಢಿ. ಅವತ್ತು ಮಲಗಿದಂತೆ ಮಾಡಿ ಕಿಟಕಿಯಿಂದ ನೋಡುತ್ತ ಕೂತೆ.

ಧೋತರ ಎತ್ತಿ ಕಟ್ಟಿಕೊಂಡು ನಮ್ಮ ಮಾವ ಬಂದರು. ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದು ಕೈಯಲ್ಲಿ ಮರದ ಕೊಡತಿ. ಬುಟ್ಟಿಯಲ್ಲಿದ್ದುದು ಕೆರೆಯ ಅಂಗಳದ ಅಂಟು ಮಣ್ಣು, ನಮ್ಮ ಕಡೆ ಮನೆಯ ಮಾಳಿಗೆ ಸೋರದಂತೆ ಮೇಲೆ ಹಾಕಿ ಬಡಿಯುತ್ತಾರಲ್ಲ, ಅದೇ. ಒಂದೊಂದು ಕುಂಡಕ್ಕೂ ಎರಡು ಹಿಡಿ ಹಾಕಿ, ನೀರು ಚಿಮುಕಿಸಿ, ಧಪ್ ಧಪ್ ಎಂದು ಕೊಡತಿಯಿಂದ ಬಡಿದು, ಅಂಗೈಯಿಂದ ಸವರಿ, ಮುಂದಿನ ಕುಂಡಕ್ಕೆ ನಡೆದರು. ಆ ಮುಖದ ಮೇಲಿನ ತೃಪ್ತಿ ನೋಡಿದರೆ ಕೂಸಿಗೆ ಎಣ್ಣೆ ತಿಕ್ಕುತ್ತಿದ್ದಾರೆ ಅನ್ನಬೇಕು.

"ಮಾವಾ! ಏನ್ ಮಾಡಾಕ ಹತ್ತೀರಿ?"

ಸಿಕ್ಕಿಬಿದ್ದೆವೆಂಬ ನಾಚಿಕೆ ಅವರಿಗೆ ಎಳ್ಳಷ್ಟೂ ಆಗಲಿಲ್ಲ. "ನಿನ್ನ ತಪ್ಪು ಮುಚ್ಚಾಕ ಹತ್ತೀನಿ. ಬೆರಳು ಒತ್ತಿದ್ರ ಪೂರಾ ಬೆರಳು ಒಳಗ ಹೋಗ್ತೈತಿ. ಕುಂಡ ತುಂಬ ಗಾಳಿ ತುಂಬಿ ಮಂದಿಗೆ ಮಾರ್ತೀಯಲ್ಲ, ಮೋಸ ಅಲ್ಲೇನು? ಗಿರ್ದಾವರನ ಮನ್ಯಾಗ ಅಳತಿ ಕಮ್ಮಿ ಅಂತ ಮಾತು ಬಂದ್ರ ನಾ ಮುಖ ಎಲ್ಲಿ ಇಟ್ಕೊಳ್ಳಿ?"

ಸಿಟ್ಟಿಗೆ ನನ್ನ ಕಣ್ಣಲ್ಲಿ ನೀರು ಬಂತು. ನಗುವೂ ಬಂತು. ಒಂದು ಕಾಸು ಲಾಭಕ್ಕಲ್ಲ, ಪಾಪ, ಪ್ರಾಮಾಣಿಕತೆಗೆಂದೇ ಅವರು ನನ್ನ ಅರ್ಧ ನರ್ಸರಿ ಕೊಂದಿದ್ದರು. ಬೇರಿಗೆ ಗಾಳಿ ಬೇಕೆಂದು ಎಷ್ಟು ಹೇಳಿದರೂ ಒಪ್ಪಲಿಲ್ಲ. ಬಾಯಿ ಮಾತು ಕಾಗದಕ್ಕೆ ಹತ್ತುವುದಿಲ್ಲ, ಪಂಚನಾಮೆ ಆಗಲಿ ಎಂದರು.

ಪಂಚನಾಮೆಗೆ ಇಬ್ಬರು ಸಾಕ್ಷಿ ಬೇಕು. ಒಬ್ಬರು ನಮ್ಮ ಅತ್ತೆ. ಇನ್ನೊಬ್ಬ ನನ್ನ ದುರದೃಷ್ಟಕ್ಕೆ ಅದೇ ಹೊತ್ತಿಗೆ ಜಾಗ ಕೇಳಲು ಬಂದ ಕೋಳಿ ಅಂಗಡಿಯವನು. ಮಾವ ಕನ್ನಡಕ ಹಾಕಿ, ಹಳೆಯ ಕಾಗದ ತೆಗೆದು, ನನ್ನದೊಂದು ಕುಂಡ, ತಮ್ಮದೊಂದು ಕುಂಡ ಕಟ್ಟೆಯ ಮೇಲೆ ಇಡಿಸಿದರು. ಎರಡಕ್ಕೂ ಒಂದೊಂದು ಚೊಂಬು ನೀರು ಹಾಕಲಾಯಿತು.

ನನ್ನ ಕುಂಡ ಗಟಗಟ ಕುಡಿದು, ಬುಡದಿಂದ ಉಳಿದ ನೀರು ಬಿಟ್ಟಿತು. "ನೀರು ನಿಂದರಲಿಲ್ಲ" ಎಂದು ಮಾವ ಬರೆದುಕೊಂಡರು. ಅವರ ಕುಂಡದಲ್ಲಿ ನೀರು ಕನ್ನಡಿಯ ಹಾಗೆ ನಿಂತಿತು. ಚಹಾ ಬಂತು, ಕುಡಿದೆವು, ಕಪ್ಪು ತೊಳೆದದ್ದೂ ಆಯಿತು. ನೀರು ಇದ್ದಲ್ಲೇ ಇತ್ತು.

"ನೋಡ್ರಿ! ಒಂದು ಹನಿ ಇಳಿದಿಲ್ಲ. ಯಾವ ಮಣ್ಣು ಛಲೋ, ಪಂಚರು ಹೇಳ್ರಿ."

ನಾನು ಅತ್ತೆಯ ಮುಖ ನೋಡಿದೆ. ಅವರು ಗಂಡನ ಮುಖ ನೋಡಿ ನೆಲ ನೋಡಿದರು. ಕೋಳಿ ಅಂಗಡಿಯವನಂತೂ ಮಾವನ ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತು ಕಣ್ಣು ಕೀಳಲಿಲ್ಲ. ಮುಗಿಯಿತು ನನ್ನ ಕಥೆ, ಇಲ್ಲಿ ಇನ್ನು ಕೋಳಿಯೇ ಕೂಗುವುದು ಎಂದುಕೊಂಡೆ.

"ಸಾಹೇಬ್ರ, ಇದರಂಥಾ ಮಣ್ಣಿಲ್ರಿ" ಎಂದ ಅವನು. ಮಾವ ಮೀಸೆ ಮುಟ್ಟಿಕೊಂಡರು. ಅವನು ಮುಂದುವರಿಸಿದ. "ಇದನ್ನ ನನ್ನ ಅಂಗಡಿ ಮಾಳಿಗಿಗೆ ಬಡಿದು ಕೊಡ್ರಿ. ಮಳಿ ಬಂದ್ರ ಅದು ಜಾಳಗಿ ಹಂಗ ಸೋರ್ತೈತ್ರಿ. ಆ ಸೋರಾಟಕ್ಕ ಬ್ಯಾಸತ್ತ ನಿಮ್ಮ ಜಾಗ ಕೇಳಿದ್ದು. ಇಲ್ಲಂದ್ರ ಬಸ್‌ಸ್ಟ್ಯಾಂಡ್ ಬಾಜೂ ಗಿರಾಕಿ ಬಿಟ್ಟು ಯಾವ ಹುಚ್ಚ ಇಲ್ಲಿಗೆ ಬರ್ತಾನ್ರಿ?"

ನಾನು ಜನ್ಮದಲ್ಲಿ ಅಷ್ಟು ಬೇಗ ಮಾತಾಡಿದವಳಲ್ಲ. "ನಮ್ಮ ಮಾವನೇ ಬಂದು ನಿಂತು ಮಾಡಿಕೊಡ್ತಾರ, ಅವರಷ್ಟು ಛಂದ ಬಡಿಯೋರು ಈ ತಾಲೂಕಿನಾಗ ಇಲ್ಲ" ಎಂದು ಕೊಡತಿಯನ್ನು ಎತ್ತಿ ಮಾವನ ಕೈಗೆ ಕೊಟ್ಟೆ. ಅವರ ಮುಖ ಅರಳಿತು. ನಾಲ್ಕು ದಿನ ಆಳುಗಳನ್ನು ಇಟ್ಟುಕೊಂಡು, ಏಣಿ ಹತ್ತಿ ಇಳಿದು, ಮಾಳಿಗೆಯ ಮೂಲೆ ಮೂಲೆಗೂ ಮಣ್ಣು ಮೆತ್ತಿಸಿ ಬಡಿದು ಬಂದರು. ಆ ನಾಲ್ಕು ದಿನದಲ್ಲಿ ನಾನು ಕುಂಡಗಳ ಮಣ್ಣೆಲ್ಲ ಸುರಿದು, ಬೇರು ತೊಳೆದು, ಹೊಸದಾಗಿ ನೆಟ್ಟೆ. ಹಳದಿ ಎಲೆಗಳ ನಡುವೆ ಚಿಗುರು ಕಂಡ ದಿನ ಒಬ್ಬಳೇ ನಿಂತು ಅತ್ತುಬಿಟ್ಟೆ.

ದಸರಾಕ್ಕೆ ಎರಡು ದಿನ ಮುಂಚೆ ಸಂಜೆ ಜೋರು ಮಳೆ ಸುರಿಯಿತು. ಮರುದಿನ ಬೆಳಿಗ್ಗೆ ಗೇಟಿನ ಹತ್ತಿರ ಕೋಳಿ ಅಂಗಡಿಯವನು ನಿಂತಿದ್ದ, ಮೈಯೆಲ್ಲ ಕೆಸರು. ಮತ್ತೆ ಜಾಗ ಕೇಳಲು ಬಂದನೇನೋ ಎಂದು ಹೆದರಿದೆ.

"ಸಾಹೇಬ್ರ, ಒಂದು ಹನಿ ಒಳಗ ಬಂದಿಲ್ರಿ!"

ಕಟ್ಟೆಯ ಮೇಲಿದ್ದ ಮಾವ ಎಲ್ಲರಿಗೂ ಕಾಣುವಂತೆ ನೆಟ್ಟಗೆ ಕೂತರು.

"ಆದ್ರ ನೀವು ನೀರು ಹೊರಗ ಹೋಗೋ ದೋಣಿ ಬಾಯಿನೂ ಮೆತ್ತಿ ಬಡಿದೀರಿ. ಮಾಳಿಗಿ ಮ್ಯಾಲ ಮಣಕಾಲ ಮಟ ನೀರು ನಿಂತೈತ್ರಿ. ಮನಿ ಮಾಲಕ ಹತ್ತಿ ನೋಡಿ, ಕೋಳಿ ಬಿಟ್ಟು ಮೀನಿನ ದಂಧೆ ಚಾಲೂ ಮಾಡೀಯೇನಲೇ ಅಂತ ಕೇಳಾಕ ಹತ್ಯಾನ. ತೊಲಿ ಕಿರ್ ಅನ್ನಾಕ ಹತ್ಯಾವ್ರಿ. ಈಗ ಏನ್ ಮಾಡ್ಲಿ?"

ಮಾವ ಆಕಾಶ ನೋಡಿದರು. ಕೊಡತಿ ನೋಡಿದರು. ಆಮೇಲೆ ನನ್ನ ಕಡೆ ತಿರುಗದೆಯೇ, ಆಫೀಸಿನಲ್ಲಿ ಅರ್ಜಿಯನ್ನು ಬೇರೆ ಮೇಜಿಗೆ ದಾಟಿಸುವ ಗತ್ತಿನಲ್ಲಿ ಹೇಳಿದರು:

"ಅದನ್ನ ನನ್ನ ಕೇಳಬ್ಯಾಡಪಾ. ತೂತಿನ ಇಲಾಖಾ ನಮ್ಮ ಸೊಸೀದು."